ಕೂಡಿಟ್ಟ ಹಣ ತೀರಿದ ಮೇಲೆ ವೃದ್ಧಾಶ್ರಮದ ಬಿಲ್ಲು ಯಾರದು?

ತಿಂಗಳಿಗಿಷ್ಟು ಎಂದು ಹಣ ಕಟ್ಟಿಸಿಕೊಂಡು ವಯಸ್ಸಾದವರನ್ನು ನೋಡಿಕೊಳ್ಳುವ ಆಶ್ರಮಗಳು ಬೆಂಗಳೂರಿನಲ್ಲಿ ಈಗ ಅಪರೂಪವಲ್ಲ. ಮೈಸೂರು, ಮಂಗಳೂರುಗಳಲ್ಲೂ ತೆರೆದುಕೊಂಡಿವೆ. ಅಪ್ಪನನ್ನೋ ಅಮ್ಮನನ್ನೋ ಸೇರಿಸಲು ಹೋದ ಮನೆಯವರು ಎಲ್ಲವನ್ನೂ ವಿಚಾರಿಸುತ್ತಾರೆ. ಊಟ ಹೇಗೆ, ರಾತ್ರಿ ನರ್ಸ್ ಇರುತ್ತಾರೆಯೇ, ಹತ್ತಿರದ ಆಸ್ಪತ್ರೆ ಯಾವುದು, ಸ್ನಾನಕ್ಕೆ ಬಿಸಿನೀರು ಸಿಗುತ್ತದೆಯೇ. ಒಂದನ್ನು ಮಾತ್ರ ಬಾಯಿಬಿಟ್ಟು ಕೇಳುವುದಿಲ್ಲ: ಇವರ ಹಣ ಇವರ ಆಯುಷ್ಯಕ್ಕಿಂತ ಮೊದಲೇ ತೀರಿದರೆ ಏನು ಮಾಡುತ್ತೀರಿ? ಹೆತ್ತವರು ಎಷ್ಟು ವರ್ಷ ಬದುಕುತ್ತಾರೆ ಎಂದು ಎಣಿಸುವುದು ಪಾಪ ಎನ್ನಿಸಿ ನಾಲಗೆ ತಡೆಯುತ್ತದೆ. ಆದರೆ ಕೇಳಿದರೂ ಸರಿಯಾದ ಉತ್ತರ ಸಿಗುವುದಿಲ್ಲ. ಆಶ್ರಮದ ಕರಾರಿನಲ್ಲಿ ಅದಕ್ಕೆ ಉತ್ತರವಿಲ್ಲ, ನಮ್ಮ ಕಾನೂನಿನಲ್ಲಿ ಅರ್ಧ ಉತ್ತರವಿದೆ, ಸರ್ಕಾರದ ಯೋಜನೆಗಳಲ್ಲಿ ಅಂಥ ಮನುಷ್ಯರೇ ಇಲ್ಲ.

ಒಂದು ಲೆಕ್ಕ ಹಾಕಿ ನೋಡೋಣ. ಅಂಕಿಗಳು ನಾನು ಊಹಿಸಿಕೊಂಡವು. ನಿಮ್ಮ ಮನೆಯ ಅಂಕಿಗಳನ್ನು ಹಾಕಿಯೂ ನೋಡಬಹುದು. ಖಾಸಗಿ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾಗಿ ತೀರಿಕೊಂಡವರ ಪತ್ನಿ, ವಯಸ್ಸು 74. ಪತಿಯ ಭವಿಷ್ಯ ನಿಧಿ, ಗ್ರಾಚ್ಯುಟಿ, ವಿಮೆ ಎಲ್ಲ ಸೇರಿ ಕೈಯಲ್ಲಿರುವುದು 45 ಲಕ್ಷ ರೂಪಾಯಿ. ಆಶ್ರಮದ ಶುಲ್ಕ ತಿಂಗಳಿಗೆ 45,000, ಔಷಧಿ ಮತ್ತು ಮೇಲುಖರ್ಚು 8,000. ಠೇವಣಿಗಳಿಗೆ ಸರಾಸರಿ ಶೇ 7.5 ಬಡ್ಡಿ. ಖರ್ಚು ಎಂದೂ ಏರುವುದಿಲ್ಲ ಎಂದುಕೊಂಡರೆ ಈ ಹಣ ಹತ್ತು ವರ್ಷ ದಾಟಿ ಬರುತ್ತದೆ. ಖರ್ಚು ವರ್ಷಕ್ಕೆ ಶೇ 10ರಂತೆ ಏರಿದರೆ ಮೂರನೇ ವರ್ಷದ ಕೊನೆಗೆ 33 ಲಕ್ಷ, ಐದನೆಯದರ ಕೊನೆಗೆ 20 ಲಕ್ಷ, ಏಳನೆಯದರ ಕೊನೆಗೆ ಒಂದು ಲಕ್ಷಕ್ಕೂ ಕಡಿಮೆ. ನಾಲ್ಕನೇ ವರ್ಷ ಅವರು ಬಿದ್ದು ಸೊಂಟದ ಮೂಳೆ ಮುರಿದುಕೊಂಡು, ಪ್ರತ್ಯೇಕ ಆರೈಕೆಗೆಂದು ತಿಂಗಳಿಗೆ ಇನ್ನೊಂದು 15,000 ಸೇರಿತು ಎನ್ನಿ. ಆಗ ಆರೂವರೆ ವರ್ಷ ತುಂಬುವುದರೊಳಗೆ ಖಾತೆ ಬರಿದು. ಅಷ್ಟು ಹೊತ್ತಿಗೆ ಅವರಿಗೆ 80. ಕೂತು ಉಂಡರೆ ಕುಡಿಕೆ ಹೊನ್ನು ಸಾಲದು ಎನ್ನುವ ಗಾದೆಯನ್ನು ನಾವು ಸೋಮಾರಿಗಳ ಮೇಲೆ ಪ್ರಯೋಗಿಸುತ್ತೇವೆ. ಈ ತಾಯಿ ದುಂದು ಮಾಡಿದವರಲ್ಲ. ಅವರ ತಪ್ಪೇನಾದರೂ ಇದ್ದರೆ ಬದುಕಿ ಉಳಿದದ್ದು.

ಹಣ ಕರಗುವುದಕ್ಕೆ ಕಾರಣ ಸರಳ. ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ 2023ರ ಏಪ್ರಿಲ್‌ನಿಂದ ಒಬ್ಬರು 30 ಲಕ್ಷದವರೆಗೆ ಇಡಬಹುದು. ಶೇ 8.2ರ ದರದಲ್ಲಿ ಅಷ್ಟು ಹಣಕ್ಕೆ ಮೂರು ತಿಂಗಳಿಗೊಮ್ಮೆ 61,500 ರೂಪಾಯಿ ಬರುತ್ತದೆ. ನಮ್ಮಲ್ಲಿ ಹಿರಿಯರಿಗೆ ಸಿಗುವ ಒಳ್ಳೆಯ ಸುರಕ್ಷಿತ ಹೂಡಿಕೆಗಳಲ್ಲಿ ಇದೂ ಒಂದು, ಅನುಮಾನವಿಲ್ಲ. ಆದರೆ ಮೊದಲ ವರ್ಷ ಬಂದ 61,500 ಐದನೇ ವರ್ಷವೂ 61,500 ಆಗಿಯೇ ಬರುತ್ತದೆ. ಇತ್ತ ಆಶ್ರಮದ ಅಡುಗೆಯವರ ಸಂಬಳ, ಕಟ್ಟಡದ ಬಾಡಿಗೆ, ಗ್ಯಾಸ್, ತರಕಾರಿ ಎಲ್ಲವೂ ಏರುತ್ತವೆ. ಬಡ್ಡಿ ಸಾಲದ ತಿಂಗಳು ಅಸಲಿಗೆ ಕೈ ಹಾಕುತ್ತೇವೆ. ಅಸಲು ಇಳಿದಂತೆ ಮುಂದಿನ ಬಡ್ಡಿ ಇನ್ನಷ್ಟು ಇಳಿಯುತ್ತದೆ. ಹೀಗಾಗಿ ಕೊನೆಯ ಮೂರು ವರ್ಷಗಳ ಕುಸಿತ ಮೊದಲ ಮೂರು ವರ್ಷದವರಿಗೆ ನಂಬಲಾಗದಷ್ಟು ವೇಗವಾಗಿರುತ್ತದೆ.

ಸರ್ಕಾರಿ ಪಿಂಚಣಿದಾರರ ಸ್ಥಿತಿ ಸ್ವಲ್ಪ ಬೇರೆ. ತುಟ್ಟಿಭತ್ಯೆ ಏರಿದಾಗ ಅವರ ಪಿಂಚಣಿಯೂ ಏರುತ್ತದೆ. ಆದರೂ ಪತಿ ತೀರಿಕೊಂಡ ದಿನದಿಂದ ಪತ್ನಿಗೆ ಬರುವುದು ಕುಟುಂಬ ಪಿಂಚಣಿ, ಅದು ಮೊದಲಿಗಿಂತ ಬಹಳ ಕಡಿಮೆ. ಕರ್ನಾಟಕದಲ್ಲಿ 2006ರ ಏಪ್ರಿಲ್ 1ರ ನಂತರ ನೌಕರಿಗೆ ಸೇರಿದವರು, ನಿಗದಿತ ಪಿಂಚಣಿಯ ಭರವಸೆಯಿಲ್ಲದ ಹೊಸ ಪಿಂಚಣಿ ಪದ್ಧತಿಗೆ ಬಂದಿರುವುದರಿಂದ ಮುಂದಿನ ತಲೆಮಾರಿನ ಸರ್ಕಾರಿ ನಿವೃತ್ತರಲ್ಲೂ ಆ ಭದ್ರತೆ ತೆಳುವಾಗಲಿದೆ. ಖಾಸಗಿಯವರ ಗತಿ ಕೇಳುವುದೇ ಬೇಡ. ನೌಕರರ ಪಿಂಚಣಿ ಯೋಜನೆಯ ಕನಿಷ್ಠ ಪಿಂಚಣಿ 2014ರಲ್ಲಿ ತಿಂಗಳಿಗೆ 1,000 ರೂಪಾಯಿ ಎಂದು ನಿಗದಿಯಾಯಿತು. ಬಟ್ಟೆ ಅಂಗಡಿ ನಡೆಸಿದವರು, ಅಡುಗೆ ಕಂಟ್ರಾಕ್ಟ್ ಮಾಡಿದವರು, ಅನುದಾನವಿಲ್ಲದ ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಹೇಳಿದವರು ಇವರಲ್ಲಿ ಎಷ್ಟೋ ಜನರಿಗೆ ಅದೂ ಇಲ್ಲ.

ಇನ್ನು ಬಿಲ್ಲನ್ನು ಹತ್ತಿರದಿಂದ ನೋಡಬೇಕು. ಸೇರುವಾಗ ಹೇಳಿದ ಮೊತ್ತ ಕೊಠಡಿ, ಊಟ, ಸಾಮಾನ್ಯ ಆರೈಕೆಗೆ. ಅದರ ಕೆಳಗೆ ಸಣ್ಣ ಸಣ್ಣ ಸಾಲುಗಳು ಬೆಳೆಯುತ್ತವೆ. ವಯಸ್ಕರ ಡಯಾಪರ್, ದಿನಕ್ಕೆ ಮೂರು. ಕೈಗವಸು. ಫಿಸಿಯೋಥೆರಪಿ, ಒಂದು ಸಲಕ್ಕೆ ಇಷ್ಟು. ಮೂತ್ರದ ನಳಿಕೆ ಬದಲಾಯಿಸಿದ್ದು. ಬೆನ್ನು ಹುಣ್ಣಾಗದಂತೆ ಗಾಳಿ ಹಾಸಿಗೆಯ ಬಾಡಿಗೆ. ಆಸ್ಪತ್ರೆಗೆ ಕರೆದುಕೊಂಡು ಹೋದ ಅಟೆಂಡರ್‌ಗೆ ದಿನದ ಹಣ, ಆಂಬುಲೆನ್ಸ್. ಹತ್ತು ದಿನ ಆಸ್ಪತ್ರೆಯಲ್ಲಿದ್ದರೂ ಆಶ್ರಮದ ಹಾಸಿಗೆ ಅವರ ಹೆಸರಿನಲ್ಲೇ ಇರುವುದರಿಂದ ಆ ಹತ್ತು ದಿನದ ಶುಲ್ಕ ಸಾಮಾನ್ಯವಾಗಿ ನಿಲ್ಲುವುದಿಲ್ಲ. ಅಂದರೆ ಆ ದಿನಗಳಲ್ಲಿ ಎರಡು ಕಡೆ ಬಿಲ್ಲು. ಇವುಗಳಲ್ಲಿ ಒಂದೂ ಅನ್ಯಾಯದ ಸಾಲಲ್ಲ. ಒಟ್ಟು ಸೇರಿದಾಗ ಮಾತ್ರ, ಹೇಳಿದ ಶುಲ್ಕಕ್ಕೂ ಕಟ್ಟುವ ಹಣಕ್ಕೂ ಸಂಬಂಧವೇ ತಪ್ಪಿಹೋಗುತ್ತದೆ. ಕರಾರು ಪತ್ರದಲ್ಲಿ ಶುಲ್ಕ ‘ಕಾಲಕಾಲಕ್ಕೆ ಪರಿಷ್ಕರಿಸಲಾಗುವುದು’ ಎಂದಿದ್ದರೆ, ಎಷ್ಟರ ಮಟ್ಟಿಗೆ ಎಂದು ಅಲ್ಲೇ ಬರೆಸಿಕೊಳ್ಳುವವರು ಕಡಿಮೆ. ಬಾಕಿ ಬಿದ್ದರೆ ಮುಂಗಡ ಠೇವಣಿಯಲ್ಲಿ ಮುರಿದುಕೊಳ್ಳುವುದು, ಅದೂ ತೀರಿದರೆ ಜವಾಬ್ದಾರಿ ಹೊತ್ತು ಸಹಿ ಮಾಡಿದವರು ಬಂದು ಕರೆದುಕೊಂಡು ಹೋಗತಕ್ಕದ್ದು ಎನ್ನುವ ಷರತ್ತನ್ನಂತೂ ಸೇರಿಸುವ ಗಡಿಬಿಡಿಯಲ್ಲಿ ಯಾರೂ ನಿಂತು ಓದುವುದಿಲ್ಲ.

ಆಶ್ರಮ ನಡೆಸುವವರನ್ನು ಖಳರನ್ನಾಗಿ ಮಾಡಿ ಪ್ರಯೋಜನವಿಲ್ಲ. ಹಾಸಿಗೆ ಹಿಡಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸಲು ಮೂರು ಪಾಳಿಯಲ್ಲಿ ಜನ ಬೇಕು, ಅವರಿಗೆ ಸಂಬಳ ಕೊಡಬೇಕು. ಹಣ ಕಟ್ಟದ ನಾಲ್ವರನ್ನು ಇಟ್ಟುಕೊಂಡರೆ ಅವರ ಖರ್ಚು ಉಳಿದವರ ಶುಲ್ಕದ ಮೇಲೆ ಬೀಳುತ್ತದೆ. ಇಂಥ ಸೇವೆಗೆ ತೆರಿಗೆಯಲ್ಲೂ ಹೆಚ್ಚು ಕರುಣೆಯಿಲ್ಲ. ಸರ್ಕಾರ ಅಥವಾ ನೋಂದಾಯಿತ ದತ್ತಿ ಸಂಸ್ಥೆ ನಡೆಸುವ ವೃದ್ಧಾಶ್ರಮಗಳಿಗೆ 2018ರಲ್ಲಿ ಜಿಎಸ್‌ಟಿ ವಿನಾಯಿತಿ ಸಿಕ್ಕಿತು. ಅದೂ ಒಬ್ಬರಿಂದ ತಿಂಗಳಿಗೆ 25,000 ರೂಪಾಯಿಯವರೆಗೆ ಪಡೆದರೆ ಮಾತ್ರ.

ಆರೋಗ್ಯ ವಿಮೆ ಇದೆಯಲ್ಲ ಎನ್ನುವವರು ಪಾಲಿಸಿಯ ಹೊರಗಿಟ್ಟ ಪಟ್ಟಿಯನ್ನು ಓದಬೇಕು. ಸ್ನಾನ ಮಾಡಿಸುವುದು, ಬಟ್ಟೆ ಹಾಕುವುದು, ನಡೆದಾಡಿಸುವುದು ಮುಂತಾದ ನಿತ್ಯದ ಆರೈಕೆಯನ್ನು, ಅದು ಮನೆಯಲ್ಲಾಗಲಿ ಆರೈಕೆ ಕೇಂದ್ರದಲ್ಲಾಗಲಿ, ವಿಮಾ ನಿಯಂತ್ರಣ ಪ್ರಾಧಿಕಾರದ ಪ್ರಮಾಣಿತ ನಿಯಮಗಳೇ ಹೊರಗಿಡುವ ಪಟ್ಟಿಗೆ ಸೇರಿಸಿವೆ. 70 ದಾಟಿದವರಿಗೆಲ್ಲ 5 ಲಕ್ಷದವರೆಗಿನ ಚಿಕಿತ್ಸೆ ಎಂದು ಕೇಂದ್ರ 2024ರಲ್ಲಿ ಆಯುಷ್ಮಾನ್ ಯೋಜನೆಯನ್ನು ವಿಸ್ತರಿಸಿದ್ದು ಆಸ್ಪತ್ರೆ ಸೇರಿದಾಗಿನ ವೆಚ್ಚಕ್ಕೆ. ಮುರಿದ ಮೂಳೆ ಕೂಡಿಸಲು ಹಣ ಸಿಗಬಹುದು. ಕೂಡಿದ ಮೇಲೂ ಎದ್ದು ಓಡಾಡಲಾರದವರನ್ನು ಆರು ವರ್ಷ ನೋಡಿಕೊಳ್ಳಲು ಯಾವ ಯೋಜನೆಯಲ್ಲೂ ಕಾಸಿಲ್ಲ.

ಹಾಗಾದರೆ ಮನೆ? ನಮ್ಮ ಮಧ್ಯಮ ವರ್ಗದ ನಿಜವಾದ ಆಸ್ತಿ ಬ್ಯಾಂಕಿನಲ್ಲಿಲ್ಲ, ಮೂವತ್ತು ನಲವತ್ತರ ನಿವೇಶನದಲ್ಲಿದೆ. ವಿಷಯ ಹೆಚ್ಚು ಜಟಿಲವಾಗುವುದು ಇಲ್ಲಿಯೇ. 2007ರಲ್ಲಿ ರಾಷ್ಟ್ರೀಯ ವಸತಿ ಬ್ಯಾಂಕ್ ರಿವರ್ಸ್ ಮಾರ್ಟ್‌ಗೇಜ್ ಮಾರ್ಗಸೂಚಿ ತಂದಿತು. 60 ದಾಟಿದವರು ಮನೆಯನ್ನು ಬ್ಯಾಂಕಿಗೆ ಒತ್ತೆಯಿಟ್ಟು ಅದೇ ಮನೆಯಲ್ಲಿದ್ದುಕೊಂಡು ತಿಂಗಳು ತಿಂಗಳು ಹಣ ಪಡೆಯಬಹುದು, ತೀರಿಕೊಂಡ ಮೇಲೆ ಬ್ಯಾಂಕು ಮನೆ ಮಾರಿ ವಸೂಲು ಮಾಡಿಕೊಳ್ಳುತ್ತದೆ. ಕೇಳಲು ಚೆನ್ನಾಗಿದೆ. ಆದರೆ ಸಾಲ ಯಾವಾಗ ಮರುಪಾವತಿಗೆ ಬರುತ್ತದೆ ಎಂಬಲ್ಲಿ ಒಂದು ಷರತ್ತಿದೆ: ಸಾಲ ಪಡೆದವರು ಆ ಮನೆಯನ್ನು ಶಾಶ್ವತವಾಗಿ ಬಿಟ್ಟು ವೃದ್ಧಾಶ್ರಮಕ್ಕೋ ಬಂಧುಗಳ ಮನೆಗೋ ಹೋದರೆ, ಸಾಮಾನ್ಯವಾಗಿ ಒಂದು ವರ್ಷ ಸತತವಾಗಿ ಅಲ್ಲಿ ವಾಸ ಮಾಡದಿದ್ದರೆ, ಸಾಲ ತೀರಿಸಬೇಕು. ಆಶ್ರಮದ ಖರ್ಚಿಗೆ ಅತಿ ಹೆಚ್ಚು ಹಣ ಬೇಕಾದ ಹೊತ್ತಿಗೇ ಈ ಬಾಗಿಲು ಮುಚ್ಚಿಕೊಳ್ಳುತ್ತದೆ. ಯೋಜನೆ ರೂಪಿಸಿದವರು ವೃದ್ಧಾಪ್ಯವನ್ನು ಸ್ವಂತ ಮನೆಯೊಳಗೆ ಮಾತ್ರ ಕಲ್ಪಿಸಿಕೊಂಡರು ಎಂದು ತೋರುತ್ತದೆ.

ಮಾರಿಬಿಟ್ಟರಾಯಿತು ಎನ್ನಬಹುದು. ಮಾರುವವರ ಬುದ್ಧಿ ಸ್ಥಿರವಾಗಿರುವವರೆಗೆ ಅದು ಸರಿ. ಮರೆವಿನ ಕಾಯಿಲೆ, ಅಂದರೆ ಡಿಮೆನ್ಷಿಯಾ, ಬಂದವರ ವಿಷಯದಲ್ಲಿ ಕಾನೂನು ಅಡ್ಡ ನಿಲ್ಲುತ್ತದೆ. ಅವರು ತಿಳಿದು ಸಹಿ ಮಾಡಲಾರರು. ಹಿಂದೆ ಮಗಳಿಗೆ ಕೊಟ್ಟ ಅಧಿಕಾರ ಪತ್ರವೂ ಕೊಟ್ಟವರ ಬುದ್ಧಿ ಕೈಕೊಟ್ಟಾಗ ಬಲ ಕಳೆದುಕೊಳ್ಳುತ್ತದೆ. ಕರಾರು ಕಾಯಿದೆಯ 201ನೇ ಸೆಕ್ಷನ್ ಹೇಳುವುದು ಅದನ್ನೇ. 1987ರ ಮಾನಸಿಕ ಆರೋಗ್ಯ ಕಾಯಿದೆಯಲ್ಲಿ ಜಿಲ್ಲಾ ನ್ಯಾಯಾಲಯ ಇಂಥವರ ಆಸ್ತಿಗೆ ಪಾಲಕರನ್ನು ನೇಮಿಸುವ ದಾರಿಯಿತ್ತು. ಅದರ ಜಾಗಕ್ಕೆ ಬಂದ 2017ರ ಕಾಯಿದೆಯಲ್ಲಿ ಆ ದಾರಿಯಿಲ್ಲ. ಹೀಗಾಗಿ ಮಕ್ಕಳು ಹೈಕೋರ್ಟ್ ಮೆಟ್ಟಿಲು ಹತ್ತಿ ರಿಟ್ ಅರ್ಜಿಯ ಮೂಲಕ ಪಾಲಕರಾಗಬೇಕು. ಕೋಟಿ ಬೆಲೆಯ ಮನೆ ಬೀಗ ಹಾಕಿಕೊಂಡು ನಿಂತಿರುತ್ತದೆ, ಅದರ ಒಡತಿಯ ಆಶ್ರಮದ ಬಾಕಿ ಬೆಳೆಯುತ್ತಿರುತ್ತದೆ. ಹಣವಿದ್ದೂ ಇಲ್ಲದ ಈ ಸ್ಥಿತಿಯ ಬಗ್ಗೆ ನಮ್ಮಲ್ಲಿ ಮಾತೇ ನಡೆಯುತ್ತಿಲ್ಲ. ಡಿಮೆನ್ಷಿಯಾದ ಗುರುತು ಕಂಡ ಮೊದಲ ತಿಂಗಳಲ್ಲೇ ವೈದ್ಯರ ಜೊತೆಗೆ ವಕೀಲರನ್ನೂ ಕಾಣುವುದು ಕ್ರೌರ್ಯವಲ್ಲ.

ಇನ್ನು ಮನೆಯನ್ನು ಮೊದಲೇ ಮಗನ ಹೆಸರಿಗೆ ದಾನಪತ್ರ ಮಾಡಿಕೊಟ್ಟವರು. 2007ರ ಪೋಷಕರ ಹಾಗೂ ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣ ಕಾಯಿದೆಯ 23ನೇ ಸೆಕ್ಷನ್ ಪ್ರಕಾರ, ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು, ನೋಡಿಕೊಳ್ಳದಿದ್ದಾಗ ರದ್ದು ಮಾಡಿಸಬಹುದು. ಆ ಷರತ್ತು ಇತ್ತೆಂದು ಸ್ಥಾಪಿಸಬೇಕೆಂದು ಸುಪ್ರೀಂ ಕೋರ್ಟ್ 2022ರ ಡಿಸೆಂಬರ್‌ನಲ್ಲಿ ಹೇಳಿತು. 2025ರ ಜನವರಿಯಲ್ಲಿ ಇನ್ನೊಂದು ಪ್ರಕರಣದಲ್ಲಿ, ಇದು ಹಿರಿಯರ ಹಿತಕ್ಕಾಗಿ ಇರುವ ಕಾಯಿದೆ, ಉದಾರವಾಗಿ ಅರ್ಥೈಸಬೇಕು ಎಂದು ತಾಯಿಯ ಪರ ತೀರ್ಪು ಕೊಟ್ಟಿತು. ದಾನಪತ್ರ ಬರೆಯುವವರು ಆ ಒಂದು ಸಾಲನ್ನು ಸ್ಪಷ್ಟವಾಗಿ ಬರೆಸಿದರೆ ಈ ವಾದವೇ ಉಳಿಯುವುದಿಲ್ಲ.

ಇದೇ ಕಾಯಿದೆಯಡಿ ಮಕ್ಕಳಿಂದ ಜೀವನಾಂಶ ಕೇಳಬಹುದು. ಮಕ್ಕಳಿಲ್ಲದವರು, ಮುಂದೆ ತಮ್ಮ ಆಸ್ತಿಗೆ ವಾರಸುದಾರರಾಗುವ ಬಂಧುಗಳಿಂದ ಕೇಳಬಹುದು. ಇದು ಒಳ್ಳೆಯ ಕಾನೂನು, ಆದರೆ ಇದಕ್ಕೆ ಹಾಕಿದ ಮಿತಿ ಅದರ ಕುತ್ತಿಗೆ ಹಿಡಿದಿದೆ. ಈ ಅರ್ಜಿಗಳನ್ನು ಕೇಳುವ ನ್ಯಾಯಮಂಡಳಿ ಕೊಡಿಸಬಹುದಾದ ಗರಿಷ್ಠ ಮೊತ್ತ ತಿಂಗಳಿಗೆ 10,000 ರೂಪಾಯಿ. ಆದಾಯ ತೆರಿಗೆಗೆ ಬಳಸುವ ಬೆಲೆ ಏರಿಕೆಯ ಸೂಚ್ಯಂಕ 2007-08ರಲ್ಲಿ 129 ಇದ್ದದ್ದು 2024-25ರಲ್ಲಿ 363 ಆಗಿದೆ. ಆ ಲೆಕ್ಕದಲ್ಲಿ ಅಂದಿನ 10,000 ಇಂದು 28,000 ಆಗಬೇಕಿತ್ತು. ಮಿತಿಯನ್ನು ತೆಗೆದುಹಾಕುವ ಮಸೂದೆ 2019ರಲ್ಲಿ ಲೋಕಸಭೆಗೆ ಬಂದು, ಆ ಲೋಕಸಭೆಯ ಅವಧಿಯೊಂದಿಗೇ ಮುಗಿದುಹೋಯಿತು. ತಿಂಗಳಿಗೆ ಮೂರು ಲಕ್ಷ ದುಡಿಯುವ ಮಗನಿಂದಲೂ ನ್ಯಾಯಮಂಡಳಿ ಕೊಡಿಸುವುದು ಹತ್ತು ಸಾವಿರ. ಮಗನೂ ನಿವೃತ್ತನಾಗಿದ್ದರೆ? ತಾಯಿಗೆ 88, ಮಗನಿಗೆ 64, ಇಬ್ಬರೂ ಉಳಿತಾಯದ ಮೇಲೆಯೇ ಬದುಕುತ್ತಿರುವ ಮನೆಗಳು ಈಗ ನಮ್ಮ ಸುತ್ತ ಎಷ್ಟೋ ಇವೆ.

ಕೊನೆಗೆ ಉಳಿಯುವುದು ಸರ್ಕಾರ. ಅದೇ 2007ರ ಕಾಯಿದೆಯ 19ನೇ ಸೆಕ್ಷನ್ ಪ್ರಕಾರ ರಾಜ್ಯ ಸರ್ಕಾರ ಹಂತಹಂತವಾಗಿ ಜಿಲ್ಲೆಗೊಂದಾದರೂ, ಕನಿಷ್ಠ 150 ನಿರ್ಗತಿಕ ಹಿರಿಯರಿಗೆ ಜಾಗವಿರುವ ವೃದ್ಧಾಶ್ರಮ ಸ್ಥಾಪಿಸಬಹುದು. ‘ಬಹುದು’ ಎಂದಿದೆ, ‘ತಕ್ಕದ್ದು’ ಎಂದಿಲ್ಲ. ಕೇಂದ್ರದ ಅಟಲ್ ವಯೋ ಅಭ್ಯುದಯ ಯೋಜನೆಯಲ್ಲಿ ಸ್ವಯಂಸೇವಾ ಸಂಸ್ಥೆಗಳು ನಡೆಸುವ ಆಶ್ರಮಗಳಿಗೆ ಅನುದಾನವಿದೆ. ರಾಜ್ಯದ ಸಂಧ್ಯಾ ಸುರಕ್ಷಾ ಪಿಂಚಣಿ 2021ರಲ್ಲಿ ತಿಂಗಳಿಗೆ 1,200 ರೂಪಾಯಿಗೆ ಏರಿತು. ಇವೆಲ್ಲವೂ ಮೊದಲಿನಿಂದ ಬಡವರಾಗಿರುವವರನ್ನು ಮನಸ್ಸಿನಲ್ಲಿಟ್ಟು ಮಾಡಿದವು, ಮತ್ತು ಅದು ಸರಿಯೇ. ಅವರ ಪಾಲನ್ನು ಕಿತ್ತು ಮಧ್ಯಮ ವರ್ಗಕ್ಕೆ ಕೊಡಿ ಎಂದು ನಾನು ಹೇಳುತ್ತಿಲ್ಲ. ಆದರೆ ಆಶ್ರಮದಲ್ಲಿದ್ದುಕೊಂಡೇ ಬಡವರಾದವರಿಗೆ ಒಂದು ವಿಶೇಷ ಕಷ್ಟವಿದೆ. ಉಚಿತ ಆಶ್ರಮಗಳು ಸೇರಿಸಿಕೊಳ್ಳುವಾಗ ಸಾಮಾನ್ಯವಾಗಿ ಮೊದಲು ಕೇಳುವುದು, ಓಡಾಡಿಕೊಂಡಿದ್ದಾರೆಯೇ ಎಂದು. ಹಾಸಿಗೆ ಹಿಡಿದವರನ್ನು ನೋಡಿಕೊಳ್ಳಲು ಅವರಲ್ಲಿ ಜನವಿಲ್ಲ. ನಮ್ಮ ಲೆಕ್ಕದ ತಾಯಿ 74ಕ್ಕೆ ತಾವೇ ನಡೆದು ಬಂದವರು. ಆಗ ಹಣವಿತ್ತು, ಉಚಿತ ಆಶ್ರಮ ಬೇಕಿರಲಿಲ್ಲ. 80ಕ್ಕೆ ಹಣವಿಲ್ಲ, ಆದರೆ ಈಗ ನಡೆಯಲಾರರು, ಆದ್ದರಿಂದ ಉಚಿತ ಆಶ್ರಮ ತೆಗೆದುಕೊಳ್ಳದು. ದೇಹ ಸೋಲುವುದೂ ಹಣ ತೀರುವುದೂ ಒಟ್ಟಿಗೇ ನಡೆಯುತ್ತವೆ, ಏಕೆಂದರೆ ಒಂದರಿಂದಲೇ ಇನ್ನೊಂದು. ನಮ್ಮ ಇಡೀ ವ್ಯವಸ್ಥೆ ಇವೆರಡೂ ಬೇರೆ ಬೇರೆ ಜನರಿಗೆ ಬರುವ ಕಷ್ಟ ಎಂದು ಭಾವಿಸಿ ಕಟ್ಟಿದ್ದು.

ಬೇರೆ ಕಡೆ ಇದು ಹೇಗಿದೆ ಎಂದು ನೋಡಿದರೆ ನಮ್ಮ ಕೊರತೆ ಎಲ್ಲಿದೆ ಎಂಬುದು ತಿಳಿಯುತ್ತದೆ. ಇಂಗ್ಲೆಂಡಿನಲ್ಲಿ ಉಳಿತಾಯ 23,250 ಪೌಂಡ್‌ಗಿಂತ ಕೆಳಗಿಳಿದರೆ ಸ್ಥಳೀಯ ಆಡಳಿತ ಆಶ್ರಮದ ವೆಚ್ಚದಲ್ಲಿ ಪಾಲು ಕೊಡಲು ಶುರು ಮಾಡುತ್ತದೆ. 14,250ಕ್ಕಿಂತ ಕೆಳಗಿಳಿದರೆ ಆ ಉಳಿತಾಯವನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ, ಪಿಂಚಣಿಯ ಬಹುಪಾಲು ಮಾತ್ರ ಕಟ್ಟಬೇಕು. ಅಲ್ಲಿಯೂ ಜನ ಸುಖವಾಗಿಲ್ಲ. ಆ ಮಿತಿಗಳು 2010ರಿಂದ ಏರಿಲ್ಲ, ಒಂಟಿಯಾಗಿದ್ದವರ ಮನೆಯ ಬೆಲೆಯೂ ಲೆಕ್ಕಕ್ಕೆ ಬರುತ್ತದೆ, ಅಗ್ಗದ ಆಶ್ರಮಕ್ಕೆ ಹೋಗಿ ಎಂಬ ಒತ್ತಡ ಬರಬಹುದು. ಜೀವಮಾನದ ಆರೈಕೆ ವೆಚ್ಚಕ್ಕೆ 86,000 ಪೌಂಡ್‌ಗಳ ಮಿತಿ ಹಾಕುತ್ತೇವೆ ಎಂಬ ಭರವಸೆಯನ್ನು ಅಲ್ಲಿನ ಸರ್ಕಾರ 2024ರ ಜುಲೈನಲ್ಲಿ ಕೈಬಿಟ್ಟಿತು. ಇಷ್ಟೆಲ್ಲ ದೋಷಗಳಿದ್ದರೂ, ಇದಕ್ಕಿಂತ ಕೆಳಗೆ ಬಿದ್ದರೆ ಸರ್ಕಾರ ಹಿಡಿಯುತ್ತದೆ ಎಂಬ ಒಂದು ಅಂಕಿ ಅಲ್ಲಿದೆ. ಜರ್ಮನಿ 1995ರಲ್ಲಿ, ಜಪಾನ್ 2000ದಲ್ಲಿ ದೀರ್ಘಕಾಲದ ಆರೈಕೆಗೆಂದೇ ಕಡ್ಡಾಯ ವಿಮೆ ತಂದವು. ಜಪಾನಿನಲ್ಲಿ 40 ವರ್ಷದಿಂದಲೇ ಕಂತು ಕಟ್ಟಬೇಕು. ನಮ್ಮಲ್ಲಿ ಅಂಥ ಅಂಕಿಯೂ ಇಲ್ಲ, ವಿಮೆಯೂ ಇಲ್ಲ.

ಜಪಾನಿನಂಥ ವಿಮೆ ನಾಳೆಯೇ ಬಾರದು. ಆದರೆ ಕರ್ನಾಟಕ ಸರ್ಕಾರ ದೆಹಲಿಯನ್ನು ಕಾಯದೆ ಮಾಡಬಹುದಾದ ಕೆಲಸಗಳಿವೆ. ನನ್ನ ಮಟ್ಟಿಗೆ ಮೊದಲನೆಯದು: ಹಣ ತೀರಿದ, ಹಾಸಿಗೆ ಹಿಡಿದ ಹಿರಿಯರನ್ನು ಇದ್ದಲ್ಲಿಂದ ಎಬ್ಬಿಸದೆ, ಅದೇ ಆಶ್ರಮಕ್ಕೆ ಒಂದು ನಿಗದಿತ ಮೊತ್ತ ಕೊಡುವ ವ್ಯವಸ್ಥೆ. ಹೊಸ ಕಟ್ಟಡ ಕಟ್ಟುವುದಕ್ಕಿಂತ ಇದು ಬೇಗ ಆಗುವ ಕೆಲಸ, ಮತ್ತು 80 ದಾಟಿದವರನ್ನು ಪರಿಚಿತ ಮುಖಗಳಿಂದ ಕಿತ್ತು ಬೇರೆ ಊರಿಗೆ ಸಾಗಿಸುವುದು ಎಂಥ ಹಿಂಸೆ ಎಂಬುದು ನೋಡಿದವರಿಗೇ ಗೊತ್ತು. ಮನೆ ಇರುವವರಿಗೆ ಇದನ್ನು ಸಾಲವಾಗಿ ಕೊಟ್ಟು ಮುಂದೆ ಆಸ್ತಿಯಿಂದ ವಸೂಲು ಮಾಡಿದರೂ ಆಕ್ಷೇಪವಿಲ್ಲ. ಮುಂಗಡ ಠೇವಣಿಗಳನ್ನು ಆಶ್ರಮಗಳು ಪ್ರತ್ಯೇಕ ಖಾತೆಯಲ್ಲಿಡಬೇಕು, ಶುಲ್ಕ ಏರಿಕೆಯ ಸೂತ್ರವನ್ನು ಕರಾರಿನಲ್ಲೇ ಬರೆಯಬೇಕು, ಹೊರಕಳಿಸುವ ಮೊದಲು ಜಿಲ್ಲಾಡಳಿತಕ್ಕೆ ತಿಳಿಸಬೇಕು ಎಂಬ ನಿಯಮಗಳೂ ಬೇಕು. ನಿವೃತ್ತರ ವಸತಿಗಳಿಗೆ ಕೇಂದ್ರ 2019ರಲ್ಲಿ ಮಾದರಿ ಮಾರ್ಗಸೂಚಿ ಹೊರಡಿಸಿದೆ, ಆದರೆ ಮಾದರಿ ಎಂದರೆ ಪಾಲಿಸಲೇಬೇಕಾದದ್ದಲ್ಲ. ರಿಯಲ್ ಎಸ್ಟೇಟ್ ನಿಯಂತ್ರಣದ ರೇರಾ ಕಾಯಿದೆ ಕಟ್ಟಡ ಮಾರಾಟವನ್ನು ನೋಡುತ್ತದೆ, ಒಳಗೆ ನಡೆಯುವ ಆರೈಕೆಯನ್ನಲ್ಲ.

ಈಗಾಗಲೇ ಆಶ್ರಮದಲ್ಲಿ ಹೆತ್ತವರಿರುವ ಕುಟುಂಬಗಳು ಉಳಿದ ಹಣವನ್ನು ಲಕ್ಷಗಳಲ್ಲಿ ಎಣಿಸುವುದನ್ನು ಬಿಟ್ಟು ತಿಂಗಳುಗಳಲ್ಲಿ ಎಣಿಸಬೇಕು. ಇಂದಿನ ಬಿಲ್ಲಿಗೆ ಶೇ 10 ಸೇರಿಸಿ ಭಾಗಿಸಿದರೆ ಅಂದಾಜು ಸಿಗುತ್ತದೆ. 24 ತಿಂಗಳಿಗಿಂತ ಕಡಿಮೆ ಉಳಿದಿದ್ದರೆ, ಅಮೆರಿಕದಲ್ಲಿರುವ ಮಗ, ಶಿವಮೊಗ್ಗದಲ್ಲಿರುವ ಮಗಳು ಎಲ್ಲರೂ ಒಂದು ದಿನ ಕೂತು ಅಂಕಿಗಳನ್ನು ಮುಂದಿಟ್ಟು ಮಾತಾಡಬೇಕು. ಹಣ ಕಳಿಸುವವನಿಗೆ ಕೆಲಸ ಹೋದರೆ ಏನು ಎನ್ನುವುದೂ ಆ ಮಾತಿನಲ್ಲಿ ಬರಬೇಕು. ಬೀಗ ಹಾಕಿದ ಮನೆಯನ್ನು ಬಾಡಿಗೆಗೆ ಕೊಡುವುದೋ ಮಾರುವುದೋ ಎಂಬುದನ್ನು ಅದರ ಒಡೆಯರು ತಾವೇ ತೀರ್ಮಾನಿಸಬಲ್ಲ ಕಾಲದಲ್ಲೇ ಅವರ ಮುಂದಿಡಬೇಕು. ಆಶ್ರಮದವರಿಗೂ ಮೊದಲೇ ಹೇಳಿದರೆ, ಹಂಚಿಕೊಂಡ ಕೊಠಡಿಗೆ ಬದಲಾಯಿಸಿ ಶುಲ್ಕ ಇಳಿಸುವಂಥ ದಾರಿಗಳು ತೆರೆಯಬಹುದು. ಬಾಕಿ ಬಿದ್ದ ಮೇಲೆ ಅವರ ಜೊತೆ ಮಾತಾಡುವುದೇ ಕಷ್ಟ.

ಮಕ್ಕಳೋ ವಾರಸುದಾರರೋ ಕೈಯೆತ್ತಿದ್ದರೆ 2007ರ ಕಾಯಿದೆಯಡಿ ಉಪವಿಭಾಗಾಧಿಕಾರಿಯ ನ್ಯಾಯಮಂಡಳಿಗೆ ಅರ್ಜಿ ಕೊಡಬಹುದು. ಹಿರಿಯರು ಅಶಕ್ತರಾಗಿದ್ದರೆ ಅವರು ಅಧಿಕಾರ ಕೊಟ್ಟ ವ್ಯಕ್ತಿ ಅಥವಾ ಸಂಸ್ಥೆ ಕೊಡಬಹುದು. ಅಂದರೆ ಆಶ್ರಮದವರೇ ಕೊಡಬಹುದು. ವಕೀಲರ ಅಗತ್ಯವಿಲ್ಲ. ಮಧ್ಯಂತರ ಜೀವನಾಂಶದ ಅರ್ಜಿ, ನೋಟಿಸ್ ತಲುಪಿದ 90 ದಿನಗಳೊಳಗೆ ಇತ್ಯರ್ಥವಾಗಬೇಕು ಎಂದು ಕಾಯಿದೆ ಹೇಳುತ್ತದೆ. ಹೇಗೆ ಮುಂದುವರಿಯಬೇಕೆಂದು ತಿಳಿಯದವರು ಹಿರಿಯರ ರಾಷ್ಟ್ರೀಯ ಸಹಾಯವಾಣಿ ಎಲ್ಡರ್‌ಲೈನ್ 14567ಕ್ಕೆ, ಬೆಂಗಳೂರಿನವರು ಹಿರಿಯರ ಸಹಾಯವಾಣಿ 1090ಕ್ಕೂ ಕರೆ ಮಾಡಬಹುದು. ಆ 90 ದಿನಗಳ ಶುಲ್ಕವನ್ನು ಯಾರಾದರೂ ಕಟ್ಟಲೇಬೇಕಾಗುತ್ತದೆ. ಆದ್ದರಿಂದ ಕೊನೆಯ ಠೇವಣಿಯನ್ನು ಮುರಿಸುವ ಮೊದಲೇ ಅರ್ಜಿ ಒಳಗೆ ಹೋಗಿರಬೇಕು.